ಗಾಣದ ಸದ್ದಿಗೆ ಕಟ್ಟಿದ ಬೆಲೆ

“ಗುರುಗಳೇ, ಇನ್ನು ಮುಂದೆ ಲೆಕ್ಕ ಬರೆಯುವುದು, ರೋಗ ಪತ್ತೆ ಮಾಡುವುದು, ಪಾಠ ಹೇಳುವುದು ಎಲ್ಲವನ್ನೂ ಯಂತ್ರವೇ ಮಾಡುತ್ತದಂತೆ. ಆ ಯಂತ್ರ ಯೋಚಿಸಬೇಕಾದರೆ ಚಿಪ್ ಬೇಕು. ಚಿಪ್ ಮಾಡುವ ಕಂಪನಿಗಳ ಷೇರು ದಿನದಿನಕ್ಕೆ ಏರುತ್ತಿದೆ. ನಮ್ಮ ಪ್ರಸಾದ ನಿಲಯದ ಹಣ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದೆ. ಅದನ್ನು ತೆಗೆದು ಆ ಷೇರಿಗೆ ಹಾಕಿದರೆ ತಪ್ಪೇನು?”

ಕೇಳಿದವನು ಮಠದ ಹಣಕಾಸು ನೋಡಿಕೊಳ್ಳುತ್ತಿದ್ದ ಶಿಷ್ಯ. ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗೆ ಆ ಹಣದ ಬಡ್ಡಿಯಲ್ಲೇ ಊಟ ನಡೆಯುತ್ತಿತ್ತು.

“ಸುಮ್ಮನೆ ಬಿದ್ದಿದೆಯೋ?” ಎಂದರು ಗುರುಗಳು. “ಹಾಗಾದರೆ ಇಷ್ಟು ದಿನ ಮಕ್ಕಳು ಉಂಡದ್ದು ಏನನ್ನು?”

“ಬಡ್ಡಿ ಸಾಲುತ್ತಿಲ್ಲ, ಗುರುಗಳೇ. ಯಂತ್ರದ ಮಾತು ಸುಳ್ಳಾದರೆ ಹಾಕುವುದು ಬೇಡ. ನಿಜವಾದರೆ ಹಾಕದೆ ಇರುವುದೇ ದಡ್ಡತನ. ತಾವು ಇಷ್ಟು ಹೇಳಿ ಸಾಕು. ಅದು ನಿಜವೋ, ಸುಳ್ಳೋ?”

“ನಿಜವೆಂದೇ ಇಟ್ಟುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅಂಗಡಿ ಅಪ್ಪನಿಂದ ಬಂದದ್ದು. ಉಪ್ಪು ಮಾರಿ ಆ ಮನೆಯಲ್ಲಿ ಯಾರೂ ಶ್ರೀಮಂತರಾಗಿರಲಿಲ್ಲ, ಯಾರೂ ಉಪವಾಸ ಬಿದ್ದಿರಲೂ ಇಲ್ಲ. ಅವನಿಗೆ ಬೇಸರ ಬಂದಿತ್ತು.

ಒಮ್ಮೆ ಒಬ್ಬ ಗಾಣಿಗ ಎಲ್ಲಿಂದಲೋ ಒಂದು ಮರದ ಬೀಜ ತಂದ. ಅದನ್ನು ಕಲ್ಲಿನಲ್ಲಿ ಜಜ್ಜಿ ತೆಗೆದ ನಾಲ್ಕು ತೊಟ್ಟು ಎಣ್ಣೆಯನ್ನು ಹಣತೆಗೆ ಹಾಕಿ ಸಂತೆಯಲ್ಲಿ ಹಚ್ಚಿಟ್ಟ. ಸಂತೆ ಮುಗಿದರೂ ದೀಪ ಆರಲಿಲ್ಲ. ಅದರಲ್ಲಿ ಮೋಸವಿರಲಿಲ್ಲ. ಇನ್ನು ಲೋಕದಲ್ಲಿ ಕತ್ತಲೆಯೇ ಇರುವುದಿಲ್ಲ ಎಂದು ಜನ ಮಾತಾಡಿಕೊಂಡರು. ಕೆಲವರು ಅಂದೇ ಮನೆಯ ಹಳೆಯ ದೀಪಗಳನ್ನು ಮಾರಿದರು.

ಬೀಜ ಕಲ್ಲಿನಂತೆ ಗಟ್ಟಿ. ಊರಿನ ಗಾಣಗಳು ಅದನ್ನು ಅರೆಯಲಾರವು. ಬೇರೆ ಬಗೆಯ ಗಾಣವೇ ಬೇಕು, ಅದನ್ನು ಮಾಡಬಲ್ಲ ಬಡಗಿ ಆ ಸೀಮೆಗೆಲ್ಲ ಒಬ್ಬನೇ. ಅವನು ತನ್ನ ಕೆಲಸದ ಮನೆಯನ್ನು ಪಾಲು ಮಾಡಿ ಮಾರಲು ಕುಳಿತ. ಪಾಲು ಕೊಂಡವನಿಗೆ ಲಾಭದಲ್ಲಿ ಪಾಲು.

ಗಾಣ ಕೊಳ್ಳಲು ಗಾಣಿಗರ ಬಳಿ ದುಡ್ಡಿರಲಿಲ್ಲ. ಪಾಲು ಮಾರಿ ಬಂದ ದುಡ್ಡನ್ನು ಬಡಗಿ ಅವರಿಗೆ ಮುಂಗಡವಾಗಿ ಕೊಟ್ಟ. ಅವರು ಅದೇ ದುಡ್ಡನ್ನು ಅವನಿಗೆ ಕೊಟ್ಟು ಗಾಣ ಒಯ್ದರು. ಮುಂಬಾಗಿಲಿನಿಂದ ಹೋದದ್ದು ಹಿತ್ತಿಲಿನಿಂದ ಬಂತು. ಪ್ರತಿ ಸುತ್ತಿಗೂ ವ್ಯಾಪಾರ ಬೆಳೆಯುತ್ತಿದೆ ಎಂದು ಬಡಗಿ ಹೇಳಿದ. ಅದೂ ಸುಳ್ಳಲ್ಲ.

ಆ ಬೀಜದ ಮರಗಳನ್ನು ನೆಟ್ಟಾಗಿತ್ತು. ಫಲಕ್ಕೆ ಇನ್ನೂ ಕಾಯಬೇಕಿತ್ತು. ಹೊಸ ಗಾಣ ಸುಮ್ಮನೆ ನಿಂತರೆ ಬಿರುಕು ಬಿಡುತ್ತದೆ. ಆದ್ದರಿಂದ ಗಾಣಿಗರು ಎತ್ತು ಕಟ್ಟಿ, ಏನನ್ನೂ ಹಾಕದೆ, ಬರಿದೇ ತಿರುಗಿಸುತ್ತಿದ್ದರು.

ಈ ನಡುವೆ ಆ ಊರಿನ ವ್ಯಾಪಾರಿಗಳಿಗೆ ಒಂದು ರೂಢಿ ಬೆಳೆದಿತ್ತು. ಬೆಳಿಗ್ಗೆ ಗಾಣಿಗರ ಕೇರಿಯ ತುದಿಯಲ್ಲಿ ನಿಂತು ಕಿವಿಗೊಡುತ್ತಿದ್ದರು. ಗಾಣ ಕಿರುಗುಟ್ಟಿದರೆ ಕೆಲಸ ನಡೆದಿದೆ. ಹೆಚ್ಚು ಕಿರುಗುಟ್ಟಿದರೆ ಹೆಚ್ಚು ನಡೆದಿದೆ. ಪೇಟೆಯಲ್ಲಿ ಪಾಲಿನ ಬೆಲೆ ಕೂಗುತ್ತಿದ್ದದ್ದು ಆ ಸದ್ದಿನ ಮೇಲೆ. ಕೇರಿಯ ಒಳಗೆ ಕಾಲಿಟ್ಟು ನೋಡುವುದು ಅವರ ಅಂತಸ್ತಿಗೆ ತಕ್ಕದ್ದಾಗಿರಲಿಲ್ಲ.

ಉಪ್ಪಿನ ವ್ಯಾಪಾರಿಯೂ ಹೋಗಿ ಕೇಳಿದ. ಸದ್ದು ಏರುತ್ತಲೇ ಇತ್ತು. ಮೊದಲು ಉಳಿತಾಯದ ಹಣ ಹಾಕಿದ. ಅದು ಎರಡರಷ್ಟಾಯಿತು. ಆದದ್ದು ತನ್ನ ಜಾಣತನದಿಂದಲೇ ಎಂದು ಅವನಿಗೆ ಖಾತ್ರಿಯಾಯಿತು. ಆಮೇಲೆ ಅಂಗಡಿಯನ್ನೇ ಮಾರಲು ಹೊರಟ.

“ಏನ್ರೀ,” ಎಂದಳು ಹೆಂಡತಿ, “ಊರ ತುಂಬ ಗಾಣ ಅಂತೀರಿ. ನಾನು ನೋಡಿದರೆ ಹಳೆ ಗಾಣ ನಿಂತಾಗಿಂದ ದೀಪದ ಎಣ್ಣೆ ಪಕ್ಕದೂರಿಂದ ತರಿಸ್ತಿದ್ದೀನಿ. ಇವರ ಎಣ್ಣೆ ಎಲ್ಲಿ?”

“ನಾನು ಕೊಳ್ತಿರೋದು ಎಣ್ಣೆಯಲ್ಲ ಕಣೇ, ಗಾಣ ಮಾಡೋನ ಪಾಲು. ಯಾವ ಗಾಣಿಗ ಗೆದ್ದರೂ ಯಾವನು ಸೋತರೂ ಗಾಣ ಬೇಕೇ ಬೇಕು.”

“ಎಲ್ಲರೂ ಸೋತರೆ?”

“ಹೇಗೆ ಸೋಲ್ತಾರೆ? ದೀಪ ನೀನೂ ನೋಡಿದ್ದೀಯಲ್ಲ!”

“ನೋಡಿದೆ. ಒಂದೇ ಒಂದು ನೋಡಿದೆ.”

“ಅದಕ್ಕೇ ನಿನ್ನನ್ನ ಅಂಗಡೀಲಿ ಕೂರಿಸೋಲ್ಲ.”

“ಅಂಗಡೀನೇ ಇರೋಲ್ಲವಲ್ಲ. ಇನ್ನೆಲ್ಲಿ ಕೂರಿಸ್ತೀರಿ?”

ಅಂಗಡಿಯನ್ನು ಎದುರು ಸಾಲಿನ ಬೆಲ್ಲದ ವ್ಯಾಪಾರಿ ಕೊಂಡ. ಬಂದ ಹಣವೆಲ್ಲ ಪಾಲಿಗೆ ಹೋಯಿತು.

ಮರುವರ್ಷ ಮರಗಳು ಫಲ ಬಿಟ್ಟವು. ಬೀಜ ಗಾಡಿಗಟ್ಟಲೆ ಬಂತು. ಗಾಣಿಗರು ಮೊದಲ ಸಲ ಹೊಸ ಗಾಣಗಳನ್ನು ತುಂಬಿದರು. ಬರಿಯ ಗಾಣ ಕಿರುಗುಟ್ಟುತ್ತದೆ. ತುಂಬಿದ ಗಾಣ ಎಣ್ಣೆ ಕುಡಿದು ಸದ್ದಿಲ್ಲದೆ ತಿರುಗುತ್ತದೆ.

ಆ ಬೆಳಿಗ್ಗೆ ವ್ಯಾಪಾರಿಗಳು ಕೇರಿಯ ತುದಿಯಲ್ಲಿ ನಿಂತರು. ಏನೂ ಕೇಳಿಸಲಿಲ್ಲ. ಕೆಲಸ ನಿಂತಿದೆ ಎಂದ ಒಬ್ಬ. ಉಳಿದವರು ಆಗಲೇ ಪೇಟೆಯ ಕಡೆ ಓಡುತ್ತಿದ್ದರು.

ಉಪ್ಪಿನ ವ್ಯಾಪಾರಿ ಓಡಲಿಲ್ಲ. ಅಂದು ಮೊದಲ ಬಾರಿಗೆ ಕೇರಿಯ ಒಳಗೆ ನಡೆದ. ಗಾಣಗಳೆಲ್ಲ ತಿರುಗುತ್ತಿದ್ದವು. ಗಡಿಗೆಗಳಿಗೆ ಎಣ್ಣೆ ಇಳಿಯುತ್ತಿತ್ತು. ಅವನು ಅಂಗೈಯಲ್ಲಿ ಎಣ್ಣೆ ಹಿಡಿದುಕೊಂಡು ಪೇಟೆಗೆ ಬಂದು ಕೂಗಿದ: “ಮಾರಬೇಡಿ! ಎಣ್ಣೆ ಬಂದಿದೆ, ನೋಡಿ!”

ಪೇಟೆ ನಕ್ಕಿತು. “ಪಾಲು ಕೈಯಲ್ಲಿ ಇಟ್ಕೊಂಡೋನು ಇನ್ನೇನು ಹೇಳ್ತಾನೆ? ಕೈ ಒರೆಸ್ಕೊಳ್ಳಯ್ಯ.”

ಮಧ್ಯಾಹ್ನದ ಹೊತ್ತಿಗೆ ಮಾರುವವರೇ ಎಲ್ಲ, ಕೊಳ್ಳುವವರಿಲ್ಲ. ಪಾಲು ಮಾರಾಟವಾಗದೆ ಬಡಗಿಯ ಬಳಿ ದುಡ್ಡಿಲ್ಲ. ಮುಂಗಡ ಸಿಗದೆ ಗಾಣ ಕೊಳ್ಳುವ ಗಿರಾಕಿಯಿಲ್ಲ. ಕೆಲಸದ ಮನೆಗೆ ಬೀಗ ಬಿತ್ತು. ಅಂಗಳದಲ್ಲಿ ಉಳಿದಿದ್ದ ಗಾಣಗಳನ್ನು ಗಾಣಿಗರು ಸೌದೆಯ ಬೆಲೆಗೆ ಒಯ್ದರು. ಉಪ್ಪಿನ ವ್ಯಾಪಾರಿಯ ಪಾಲನ್ನು ಬಿಟ್ಟಿ ಕೊಟ್ಟರೂ ಕೇಳುವವರಿಲ್ಲವಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆ ಎಣ್ಣೆ ಏನಾಯಿತು?” ಎಂದು ಶಿಷ್ಯ ಕೇಳಿದ.

“ಏನಾಗಬೇಕು? ಗಾಣ ಅಗ್ಗಕ್ಕೆ ಸಿಕ್ಕಿತ್ತು, ಎಣ್ಣೆಯೂ ಅಗ್ಗವಾಯಿತು. ಕೆಲವೇ ವರ್ಷಗಳಲ್ಲಿ ಗುಡಿಸಲುಗಳಲ್ಲೂ ಅದೇ ದೀಪ.”

ಶಿಷ್ಯನ ಮುಖ ಅರಳಿತು. “ಹಾಗಾದರೆ ಬೀಜದ ವಿಷಯದಲ್ಲಿ ಆ ವ್ಯಾಪಾರಿ ಹೇಳಿದ್ದೇ ಸರಿಯಾಯಿತಲ್ಲ, ಗುರುಗಳೇ!”

“ಸರಿಯಾಗಿಯೇ ಇತ್ತು,” ಎಂದರು ಗುರುಗಳು. “ತನ್ನದಾಗಿದ್ದ ಅಂಗಡಿಯ ಮುಂದೆ ನಿಂತು ಉಪ್ಪು ಕೊಳ್ಳುವಾಗಲೆಲ್ಲ ಅವನು ಅದನ್ನೇ ಹೇಳುತ್ತಿದ್ದ, ಅಂಗಡಿಯವನು ಹೌದು ಹೌದು ಎನ್ನುತ್ತ ಉಪ್ಪು ಅಳೆಯುತ್ತಿದ್ದ.”