ಕೆಸರಲ್ಲಿ ಬೆರೆತ ಆರು ಮರಿಗಳು

ಆಗ ಭೂಮಿ ಇನ್ನೂ ಹಸಿ ಹಸಿ ಇತ್ತಂತೆ, ಬೆರಳಿಟ್ರೆ ಗುಳಿ ಬೀಳೋದಂತೆ! ಬೆಟ್ಟಕ್ಕೆ ಎಲ್ಲಿ ಕೂರ್ಬೇಕು ಅಂತ ಗೊತ್ತಿಲ್ಲ, ಹೊಳೆಗೆ ಎಲ್ಲಿ ಹರೀಬೇಕು ಅಂತ ಗೊತ್ತಿಲ್ಲ. ಇವತ್ತು ಇಲ್ಲಿ ಹರಿಯೋದು, ನಾಳೆ ಅಲ್ಲಿ ಹರಿಯೋದು. ಅಂಥಾ ಕಾಲ!

ಆ ಹೊಳೆ ನಡುವೆ ಒಂದು ಮರಳುದಿಬ್ಬ. ದಿಬ್ಬದ ಮೇಲೆ ಮೂರು ತಾಯಿನಾಯಿಗಳು. ಗುಡ್ಡವ್ವ ಅಂತ ಒಂದು, ಕೋಣದಂಥ ಮೈ, ಯಾರಿಗೂ ಹೆದರೋಳಲ್ಲ, ಕೂತ್ರೆ ಕೂತಲ್ಲೇ ಕಾವಲು. ಮಿಂಚಿ ಅಂತ ಇನ್ನೊಂದು, ಉದ್ದ ಕಾಲು, ಸಣ್ಣ ಸೊಂಟ, ಮೊಲ ಕಂಡ್ರೆ ಸಾಕು ಬಾಣ ಬಿಟ್ಟಂಗೆ ಹೋಗೋಳು. ಮೂರನೇದು ಪಿಂಜಿ. ಹಿಂಜಿದ ಹತ್ತಿ ಉಂಡೆ ಥರ ಬೆಳ್ಳಗೆ, ಅಂಗೈಯಗಲ. ಒಣಗಿದೆಲೆ ಬಿದ್ರೂ ಗುಡ್ಡವ್ವನ ಹೊಟ್ಟೆ ಕೆಳಗೆ ನುಗ್ಗೋಳು!

ಒಬ್ಬೊಬ್ರಿಗೆ ಎರಡೆರಡು ಮರಿ. ಆವಾಗ ಎಲ್ಲಾ ಜಾತಿ ನಾಯಿಮರೀನೂ ಒಂದೇ ಗಾತ್ರ, ಎಳೇ ಬದನೆಕಾಯಿ ಇದ್ದಂಗೆ. ಇನ್ನೊಂದು ವಿಷಯ ಕೇಳಿ. ಆಗ ಮರಿಗಳು ಹುಟ್ಟೋವಾಗ ಸ್ವಭಾವಾನೇ ಇರ್ತಿರ್ಲಿಲ್ಲ! ಧೈರ್ಯ ಇಲ್ಲ, ಭಯ ಇಲ್ಲ, ಸಿಟ್ಟಿಲ್ಲ, ಏನೂ ಇಲ್ಲ. ಒಂಬತ್ತನೇ ದಿನ ತಾಯಿ ಮರಿ ನೆತ್ತಿ ನೆಕ್ಕಬೇಕು. ತಾಯಿ ನಾಲಿಗೇಲಿದ್ದ ಸ್ವಭಾವ ಮರಿಗೆ ಇಳಿಯೋದು, ಇಳೀತು ಅಂದ್ರೆ ಮತ್ತೆ ತೆಗೆಯೋಕಾಗಲ್ಲ. ಅದಕ್ಕೇ ಒಬ್ಬರ ಮರೀನ ಇನ್ನೊಬ್ರು ನೆಕ್ಕೋ ಹಾಗೇ ಇರ್ಲಿಲ್ಲ.

ಒಂಬತ್ತನೇ ದಿನ ಬಂತು. ಬೆಳಿಗ್ಗೇನೇ ಗಾಳಿ ಏದುಸಿರು ಬಿಡ್ತಾ ಓಡಿ ಬಂತು.

"ಏಳ್ರೇ! ಏಳ್ರೇ! ಮೇಲ್ಗಡೆ ಮಳೆ ಹುಯ್ದಿದೆ! ಹೊಳೆ ಈ ಕಡೇಗೇ ಬರ್ತಿದೆ!"

"ಹೇಳಿ ಬರೋದಲ್ವೇನೇ!" ಅಂತ ಗುಡ್ಡವ್ವ ಹೊಳೆ ಮೇಲೆ ಗುಡುಗಿದ್ಲು.

"ನಂಗೇ ಗೊತ್ತಿಲ್ಲ ಕಣಕ್ಕಾ ಎಲ್ಲಿಗೆ ಹೋಗ್ತಿದೀನಿ ಅಂತ! ನಿಲ್ಲೋಕೆ ಬರಲ್ಲ ನಂಗೆ! ಬೇಗ ಎದ್ದೋಗ್ರೇ!" ಅಂತ ಹೊಳೆ ಅತ್ತೇಬಿಡ್ತು. ಅಳ್ತಾ ಅಳ್ತಾನೇ ದಿಬ್ಬದ ಅರ್ಧ ನುಂಗಿತ್ತು!

ಶುರುವಾಯ್ತು ಓಟ. ಕತ್ತು ಹಿಡಿ, ದಡಕ್ಕೆ ಹಾಕು, ವಾಪಸ್ ಬಾ. ನಾಲಿಗೆ ತಾಗದಂಗೆ ಒಳಗೆ ಮಡಚ್ಕೊಂಡು, ಬರೀ ಹಲ್ಲಿನ ತುದೀಲಿ. ಯಾರದು ಯಾವ್ದು ಅಂತ ನೋಡೋಕೆ ಎಲ್ಲಿ ಪುರುಸೊತ್ತು? ಸಿಕ್ಕಿದ್ದನ್ನ ಎತ್ತು, ಓಡು! ನೀರು ಪಿಂಜಿ ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಮೂಗಿಗೆ ಬಂತು. ಕೊನೇ ಮರಿ ಕಚ್ಚಿಕೊಂಡು ಅವಳು ದಡ ಹತ್ತಿದ್ಲು, ಹಿಂದೆ ದಿಬ್ಬ ಗುಳುಂ!

ದಡ ಎಲ್ಲಾ ಜೇಡಿಮಣ್ಣು. ಆರೂ ಮರಿ ಅದ್ರಲ್ಲಿ ಉರುಳಿ ಆರು ಮಣ್ಣುಂಡೆ ಆಗಿದ್ವು. ಕಪ್ಪಾ, ಬಿಳಿಯಾ, ಕಂದಾ? ಗೊತ್ತಾಗ್ತಿಲ್ಲ. ಮೂಸಿದ್ರೆ ಬರೀ ಮಣ್ಣಿನ ವಾಸನೆ.

ಆರೂ ಗಡಗಡ ನಡುಗ್ತಿದ್ವು.

"ನೆಕ್ಕಬೇಕು, ಬೇಗ ನೆಕ್ಕಬೇಕು, ಇಲ್ದಿದ್ರೆ ಸೆಟೆದುಕೊಳ್ತಾವೆ!" ಅಂದ್ಲು ಪಿಂಜಿ.

"ಯಾರದನ್ನ ಯಾರೇ ನೆಕ್ಕೋದು?" ಅಂತ ಮಿಂಚಿ ಹಲ್ಲು ಕಿರಿದ್ಲು. "ನನ್ನ ಮಕ್ಳಿಗೆ ನಿನ್ನ ಪುಕ್ಕಲು ನಾಲಿಗೆ ತಾಗಿಸ್ನೋಡು, ಕಿವಿ ಹರಿದು ಕೈಗೆ ಕೊಡ್ತೀನಿ!"

"ಹೊಳೇಲಿ ತೊಳೆದು ನೋಡೋಣ" ಅಂದ್ಲು ಗುಡ್ಡವ್ವ.

"ಬೇಡ, ಬೇಡ! ಎಳ್ಕೊಂಡು ಹೋಗ್ಬಿಡ್ತೀನಿ!" ಅಂತ ಹೊಳೆ ಕೂಗ್ತು.

"ಸೂರ್ಯಪ್ಪಾ, ಒಣಗಿಸ್ಕೊಡೋ!" ಅಂದ್ರೆ ಸೂರ್ಯಪ್ಪ ಮೋಡದ ಹಿಂದಿಂದ, "ಬಿಡ್ತಿಲ್ಲ ಕಣವ್ವಾ ಇವು" ಅಂದ.

ಇವಳು ಗುರ್ ಅಂದ್ರೆ ಅವಳು ಗುರ್. ಅಷ್ಟ್ರಲ್ಲಿ ಒಂದು ಮರಿ ಕುಂಯ್ ಅನ್ನೋದು ನಿಲ್ಲಿಸ್ತು.

ಪಿಂಜಿ ನೋಡಿದ್ಲು. ನಡುಕಾನೂ ನಿಂತಿದೆ! ಅದು ತನ್ನದಾ? ಮಿಂಚಿದಾ? ಮಿಂಚಿದಾದ್ರೆ ಕಿವಿ ಹೋಯ್ತು, ಪ್ರಾಣಾನೇ ಹೋದ್ರೂ ಹೋಯ್ತು. ಓಡಿಹೋಗೋಣ ಅನ್ಸುತ್ತೆ. ಆದ್ರೆ ಹಾಲಿಳಿದು ಎದೆ ಚುರುಚುರು ಅಂತಿದೆ, ಅದಕ್ಕೇನು ಗೊತ್ತು ಯಾರ ಮರಿ ಅಂತ?

ಕಣ್ಣು ಮುಚ್ಚಿದ್ಲು. ನೆತ್ತಿ ಮೇಲೆ ನಾಲಿಗೆ ಇಟ್ಟೇಬಿಟ್ಲು!

"ಏಯ್!" ಅಂತ ಮಿಂಚಿ ಹಾರಿ ಬಂದು ಅವಳ ಕಿವಿಗೆ ಬಾಯಿ ಹಾಕಿದ್ಲು. ರಕ್ತ ಬಂತು. ಪಿಂಜಿ ನೆಕ್ತಾನೇ ಇದಾಳೆ. ನೆತ್ತಿ, ಎದೆ, ಹೊಟ್ಟೆ. ಮರಿ ಅಲ್ಲಾಡ್ತಿಲ್ಲ. ಮತ್ತೆ ನೆತ್ತಿ, ಮತ್ತೆ ಎದೆ. ಅಲ್ಲಾಡ್ತಿಲ್ಲ! ಗಾಳಿ ಉಸಿರು ಬಿಗಿಹಿಡೀತು.

"ಮಿಂಚಕ್ಕಾ," ಅಂದ್ಲು ಪಿಂಜಿ, ಕಿವಿ ಇನ್ನೂ ಅವಳ ಹಲ್ಲಲ್ಲೇ ಇದೆ, "ಆಮೇಲೆ ಕಚ್ಚುವಂತೆ. ಮೊದ್ಲು ಆ ಪಕ್ಕದ್ದನ್ನ ನೆಕ್ಕು. ಅದೂ ಸುಮ್ನಾಗ್ತಿದೆ."

ಮಿಂಚಿ ಪಕ್ಕಕ್ಕೆ ನೋಡಿದ್ಲು. ಹಲ್ಲು ಸಡಿಲ ಆಯ್ತು.

ಅಷ್ಟೊತ್ತಿಗೆ, "ಆಕ್ಷೀ!" ಪಿಂಜಿ ನೆಕ್ತಿದ್ದ ಮರಿ ಸೀನ್ತು!

ಆಮೇಲೆ ಕೇಳ್ಬೇಕಾ? ಮೂರೂ ಜನ ಬಿದ್ದು ಬಿದ್ದು ನೆಕ್ಕಿದ್ದೇ ನೆಕ್ಕಿದ್ದು. ಸಿಕ್ಕಿದ ಮರಿ, ಸಿಕ್ಕಿದ ನೆತ್ತಿ. ಆರೂ ಉಳ್ಕೊಂಡ್ವು. ಆರಕ್ಕೆ ಆರೂ!

ಮಣ್ಣು ಹೋಯ್ತು, ಬಣ್ಣ ಬಂತು. ಒಂದೆರಡು ಸರಿಯಾದ ತಾಯಿಗೇ ಸಿಕ್ಕಿದ್ವು. ಮಿಕ್ಕಿದ್ದೆಲ್ಲಾ ಅದಲು ಬದಲು! ಪಿಂಜಿ ನೆಕ್ಕಿದ್ದು ಗುಡ್ಡವ್ವನ ಕರೀ ಮರೀನ. ಅದು ತನ್ನ ಬಾಲ ತಾನೇ ನೋಡಿ ಹೆದರಿ ಪಿಂಜಿ ಹಿಂದೆ ಅವಿತುಕೊಳ್ತು. ಪಿಂಜಿದೊಂದು ಬಿಳೀ ಮರಿ ಗುಡ್ಡವ್ವನ ನಾಲಿಗೆಗೆ ಸಿಕ್ಕಿತ್ತು. ಅದು ಸೀದಾ ಹೋಗಿ ಹೊಳೆಗೇ ಬೊಗಳ್ತು, ಹೊಳೆ ಎರಡು ಹೆಜ್ಜೆ ಹಿಂದೆ ಸರೀತು! ಗುಡ್ಡವ್ವನೇ ನೆಕ್ಕಿದ್ದ ಮಿಂಚಿ ಮರಿ ಒಂದ್ರ ಮುಂದೇನೇ ಮೊಲ ಹಾದುಹೋಯ್ತು, ಅದು ಆಕಳಿಸ್ತು.

ಮಿಂಚಿ ಆ ಮರೀನ ತುಂಬಾ ಹೊತ್ತು ನೋಡಿದ್ಲು.

"ಓಡಲ್ವೇನೋ ನೀನು?" ಅಂದ್ಲು. ಮರಿ ಅವಳ ಕಾಲ ಮೇಲೆ ತಲೆ ಇಟ್ಟು ಮಲಗ್ತು. ಅವಳು ಕಾಲು ಎಳ್ಕೊಳ್ಳಲಿಲ್ಲ. "ಹೋಗ್ಲಿ ಬಿಡು. ಬದುಕಿದೀಯಲ್ಲಾ, ಅಷ್ಟೇ ಸಾಕು" ಅಂದ್ಲು.

ಅದಕ್ಕೇ ನೋಡಿ, ಇವತ್ತಿಗೂ ಕರುವಿನಷ್ಟಿರೋ ಕಾವಲು ನಾಯಿ ಪಟಾಕಿ ಸದ್ದಿಗೆ ಮಂಚದಡಿ ನುಗ್ಗುತ್ತೆ, ಬೇಟೆ ನಾಯಿ ಬಾಗಿಲಲ್ಲಿ ಬಿದ್ದುಕೊಂಡು ಬೆಕ್ಕಿಗೆ ದಾರಿ ಬಿಡುತ್ತೆ, ಅಂಗೈಯಗಲದ ಬಿಳೀ ನಾಯಿ ಬೀದಿಗೆ ಬಂದ ಲಾರಿ ಮುಂದೆ ನಾಲ್ಕೂ ಕಾಲೂರಿ ನಿಂತು, ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಸ್ತಾದ್ರೂ ಒಂದಿಂಚೂ ಕದಲಲ್ಲ!