ಗೆಜ್ಜೆ ನಿಂತ ಜಾಗ

"ಗುರುಗಳೇ, ಅರ್ಥವಿಲ್ಲದ ಶಬ್ದವನ್ನು ನಿಘಂಟಿನಿಂದ ಬಿಟ್ಟುಬಿಡಬಹುದೇ?" ಎಂದು ಶಿಷ್ಯ ಕೇಳಿದ.

ಮಠದಲ್ಲಿದ್ದ ಹಳೆಯ ನಿಘಂಟಿಗೆ ಹೊಸ ಪ್ರತಿ ಬರೆಯುವ ಕೆಲಸ ಅವನದು. ಏಳು ತಿಂಗಳಿಂದ ಬರೆಯುತ್ತಿದ್ದ. ಬೆರಳು ದಡ್ಡುಗಟ್ಟಿತ್ತು.

"ಯಾವ ಶಬ್ದ?" ಎಂದರು ಗುರುಗಳು.

"ಘಲ್. ಗೆಜ್ಜೆ ಘಲ್ ಎಂದಿತು ಎನ್ನುತ್ತಾರೆ. ಬಳೆ ಘಲ್ ಎಂದಿತು ಎನ್ನುತ್ತಾರೆ. ಎತ್ತಿನ ಕೊರಳ ಸರಕ್ಕೂ ಅದೇ. ಸಾಲದು ಎಂದು ಘಲಘಲ, ಘಲ್ಲೆನ್ನು, ಘಲಿರು ಎಂದು ಪುಟ ತುಂಬಿದೆ. ಮರ ಎಂದರೆ ಮರವಿದೆ, ನೀರು ಎಂದರೆ ನೀರಿದೆ. ಘಲ್ ಎಂದರೆ ಏನಿದೆ? ಬರೀ ಸದ್ದು. ಬಿಟ್ಟರೆ ಯಾರಿಗೂ ನಷ್ಟವಿಲ್ಲ."

"ಕಾಗದ ಉಳಿಸುವ ಶಿಷ್ಯ ಸಿಕ್ಕಿದ್ದು ಮಠದ ಪುಣ್ಯ. ಲೇಖನಿ ಕೆಳಗಿಡು. ಒಂದು ಕತೆ ಕೇಳು. ಆಮೇಲೆ ಬಿಡುವುದಾದರೆ ಬಿಡು," ಎಂದು ಗುರುಗಳು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ಅಂಚೆಯ ಹರಿಕಾರನಿದ್ದ. ಕಾಗದದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಊರಿಂದ ಊರಿಗೆ ಓಡುವುದು ಅವನ ಕೆಲಸ. ಕೈಯಲ್ಲಿ ಒಂದು ಈಟಿ. ಈಟಿಯ ತುದಿಯ ಕೆಳಗೆ ಗೆಜ್ಜೆಯ ಗೊಂಚಲು. ದಾರಿಯಲ್ಲಿ ಕಾಡಿತ್ತು. ಸದ್ದು ಕೇಳಿ ಮೃಗಗಳು ದೂರ ಹೋಗಲಿ ಎಂದು ಅರಮನೆಯವರು ಆ ಗೆಜ್ಜೆ ಕೊಟ್ಟಿದ್ದರು. ಹರಿಕಾರನೂ ಹಾಗೆಯೇ ತಿಳಿದಿದ್ದ. ಗೆಜ್ಜೆ ಇರುವುದು ಚಿರತೆಗಾಗಿ.

ಆದರೆ ಸದ್ದು ಕಾಡಿನೊಳಗೇ ನಿಲ್ಲುವುದಿಲ್ಲ. ಕಾಡು ಮುಗಿದರೆ ಕೆರೆ, ಕೆರೆಯ ಏರಿ ಇಳಿದರೆ ಊರು. ಏರಿಯ ಮೇಲೆ ಘಲ್ ಎಂದರೆ ದನ ಕಾಯುವವನು ದನಗಳನ್ನು ದಾರಿಯಿಂದ ಪಕ್ಕಕ್ಕೆ ಹೊಡೆಯುತ್ತಿದ್ದ. ಒಬ್ಬ ಮುದುಕಿ ಒಲೆಯ ಮೇಲೆ ಎಸರಿಡುತ್ತಿದ್ದಳು. ಚಾವಡಿಯಲ್ಲಿ ಹರಟೆ ಹೊಡೆಯುತ್ತಿದ್ದವರು ಹೊತ್ತಾಯಿತೆಂದು ಏಳುತ್ತಿದ್ದರು. ಇದೊಂದೂ ಹರಿಕಾರನಿಗೆ ಗೊತ್ತಿರಲಿಲ್ಲ. ತನ್ನ ಸದ್ದು ತನಗಿಂತ ಮುಂದೆ ಹೋಗಿ ಏನು ಮಾಡುತ್ತದೆ ಎಂದು ನೋಡಲು ಓಡುವವನಿಗೆ ಪುರುಸೊತ್ತೆಲ್ಲಿ?

ಆ ಊರಿನ ನೇಕಾರರ ಕೇರಿಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಸೀರೆಯ ಗಂಟು ಹೊತ್ತು ಘಟ್ಟ ಇಳಿದು ಹೋದವನು. ರೇವಿನಲ್ಲಿ ಹಡಗು ಹತ್ತಿದನೆಂಬ ಸುದ್ದಿ ಬಂದಿತ್ತು. ಆಮೇಲೆ ಮೂರು ವರ್ಷ ಏನೂ ಇಲ್ಲ. ಮಗ್ಗವನ್ನು ಅವಳೇ ನಡೆಸುತ್ತಿದ್ದಳು. ಏರಿಯ ಮೇಲೆ ಘಲ್ ಕೇಳಿದೊಡನೆ ಲಾಳಿ ನಿಲ್ಲಿಸಿ, ಹಣೆಯ ಕುಂಕುಮ ಸರಿಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು.

"ಇವತ್ತೂ ಇಲ್ಲ ಕಣವ್ವ," ಎನ್ನುತ್ತಿದ್ದ ಹರಿಕಾರ.

"ಆಯ್ತು ಬುಡಣ್ಣ. ನಾಳಿಕ್ ಬಾ," ಎನ್ನುತ್ತಿದ್ದಳು ಅವಳು. ಒಳಗೆ ಹೋಗಿ ಮತ್ತೆ ಮಗ್ಗಕ್ಕೆ ಕೂರುತ್ತಿದ್ದಳು.

ಮೂರು ವರ್ಷ ಹೀಗೇ ನಡೆಯಿತು. ಹರಿಕಾರ ಒಳ್ಳೆಯವನು. ತೊಂದರೆ ಶುರುವಾದದ್ದೇ ಅಲ್ಲಿ. ದಿನ ಕಳೆದಂತೆ ಆ ಬಾಗಿಲ ಮುಂದೆ 'ಇಲ್ಲ' ಎನ್ನುವುದು ಅವನಿಗೆ ಬೆಟ್ಟ ಹತ್ತುವುದಕ್ಕಿಂತ ಕಷ್ಟವಾಯಿತು. ನಾನೇ ದಿನವೂ ಅವಳಿಗೆ ಆಸೆ ಹುಟ್ಟಿಸುತ್ತೇನೆ, ನಾನೇ ಅದನ್ನು ಮುರಿಯುತ್ತೇನೆ ಎಂದುಕೊಂಡ. ಸದ್ದು ಕೇಳದಿದ್ದರೆ ಅವಳು ಬಾಗಿಲಿಗೆ ಬರುವುದಿಲ್ಲ. ಬಾರದಿದ್ದರೆ ನಾನು ಇಲ್ಲ ಎನ್ನಬೇಕಾಗಿಲ್ಲ. ಈ ಯೋಚನೆ ಅವನಿಗೆ ತುಂಬ ಒಳ್ಳೆಯದಾಗಿ ಕಂಡಿತು.

ಮಾರನೆಯ ದಿನ ಕೇರಿ ಇನ್ನೂ ನೂರು ಹೆಜ್ಜೆ ಇರುವಾಗ ತಲೆವಸ್ತ್ರ ಬಿಚ್ಚಿ ಗೆಜ್ಜೆಗೆ ಸುತ್ತಿದ. ಮನೆಗಳ ಹಿತ್ತಿಲ ದಾರಿ ಹಿಡಿದು ಸದ್ದಿಲ್ಲದೆ ದಾಟಿದ. ಕೇರಿ ಮುಗಿದ ಮೇಲೆ ಬಟ್ಟೆ ಬಿಚ್ಚಿ ಎಂದಿನಂತೆ ಓಡಿದ. ಆ ದಿನ ಅವನ ಮನಸ್ಸು ಹಗುರವಾಗಿತ್ತು. ಒಂದು ಉಪಕಾರ ಮಾಡಿದೆ, ಅದೂ ಯಾರಿಗೂ ತಿಳಿಯದ ಹಾಗೆ ಮಾಡಿದೆ ಎಂದುಕೊಂಡ.

ಈಗ ಮನೆಯೊಳಗೆ ಕುಳಿತವಳ ಕಿವಿಯಿಂದ ಕೇಳು. ಏರಿಯ ಮೇಲೆ ಘಲ್ ಎಂದಿತು. ಅವಳು ಲಾಳಿ ನಿಲ್ಲಿಸಿದಳು. ಸದ್ದು ಹತ್ತಿರ ಬಂತು. ಕೇರಿಯ ಬಾಯಲ್ಲಿ ನಿಂತಿತು. ಬಾಗಿಲಿಗೆ ಬಂದರೆ ದಾರಿಯಲ್ಲಿ ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಕೇರಿಯ ಆಚೆ ಮತ್ತೆ ಘಲ್ ಎಂದಿತು. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಎಲ್ಲ ಕೇರಿಯಲ್ಲೂ ಉಲಿಯುವ ಗೆಜ್ಜೆ ತನ್ನ ಕೇರಿಗೆ ಬಂದಾಗ ಮಾತ್ರ ಬಾಯಿ ಮುಚ್ಚುತ್ತದೆ.

ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀಯ. ಕೇಳಿದರೆ ಉತ್ತರ ಬಂದುಬಿಡುತ್ತದೆ. ಆ ಭಯ ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಹನ್ನೆರಡನೆಯ ದಿನ ಅವಳು ಹಿತ್ತಿಲಿಗೆ ಬಂದು ನಿಂತಳು. ಹರಿಕಾರ ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು, ತುದಿಗಾಲಲ್ಲಿ ಬರುತ್ತಿದ್ದ. ಎದುರಿಗೆ ಅವಳನ್ನು ಕಂಡ. ಕದ್ದು ಸಿಕ್ಕಿಬಿದ್ದವನ ಹಾಗೆ ನಾಚಿಕೆಯಾಯಿತು. ತಲೆ ತಗ್ಗಿಸಿ, ಮಾತಾಡದೆ ಹೋದ.

ಅವಳು ಕಂಡದ್ದು ತಗ್ಗಿದ ತಲೆ. ನಾಚಿಕೆ ಎಂದು ಅದರ ಮೇಲೆ ಬರೆದಿರಲಿಲ್ಲ.

ಸುದ್ದಿ ಬಂದಿದೆ, ಹೇಳಲಾರದೆ ಹೋಗುತ್ತಿದ್ದಾನೆ ಎಂದು ಅವಳಿಗೆ ನಿಶ್ಚಯವಾಯಿತು. ಕೇರಿಯ ಹೆಂಗಸರಿಗೂ ನಿಶ್ಚಯವಾಯಿತು. ಗೆಜ್ಜೆ ತಮ್ಮ ಕೇರಿಯಲ್ಲಿ ನಿಲ್ಲುವುದನ್ನು ಅವರೂ ಹನ್ನೆರಡು ದಿನದಿಂದ ಗಮನಿಸುತ್ತಿದ್ದರು. ಅವಳನ್ನು ಕೆರೆಗೆ ಕರೆದುಕೊಂಡು ಹೋಗಿ ತಲೆಗೆ ನೀರೆರೆದರು. ಕುಂಕುಮ ಅಳಿಸಿದರು. ತಾಳಿ ತೆಗೆದರು. ಎರಡು ಕೈಯ ಬಳೆಯನ್ನೂ ಏರಿಯ ಕಲ್ಲಿಗೆ ಕುಟ್ಟಿ ಒಡೆದರು.

ಎರಡು ತಿಂಗಳಾಯಿತು. ಒಂದು ಬೆಳಗ್ಗೆ ಹರಿಕಾರನ ಚೀಲದಲ್ಲಿ ಅವಳ ಹೆಸರಿನ ಕಾಗದವಿತ್ತು. ಗಂಡನೇ ಬರೆಸಿದ್ದು ಎಂದು ಅಂಚೆಮನೆಯವರು ಓದಿ ಹೇಳಿದ್ದರು. ಬದುಕಿದ್ದೇನೆ, ರೇವಿಗೆ ಬಂದು ಇಳಿದಿದ್ದೇನೆ, ಕಾಲು ವಾಸಿಯಾದೊಡನೆ ಘಟ್ಟ ಹತ್ತುತ್ತೇನೆ ಎಂದಿತ್ತು. ಹರಿಕಾರ ಅಷ್ಟು ಜೋರಾಗಿ ಎಂದೂ ಓಡಿರಲಿಲ್ಲ. ಕೇರಿಯ ಬಾಯಲ್ಲಿ ಬಟ್ಟೆ ಸುತ್ತಲಿಲ್ಲ. ಬೇಕೆಂದೇ ಈಟಿ ಅಲ್ಲಾಡಿಸುತ್ತ ಅವಳ ಬಾಗಿಲಿಗೆ ಬಂದು ನಿಂತ. ಸದ್ದಿಗೆ ಕೇರಿಗೆ ಕೇರಿಯೇ ಹೊರಗೆ ಬಂತು. ಅವಳು ಮಾತ್ರ ಬರಲಿಲ್ಲ. ಒಳಗೆ ಲಾಳಿ ಆಡುತ್ತಲೇ ಇತ್ತು.

"ಅವ್ವಾ, ಕಾಗ್ದ ಬಂದದೆ. ನಿನ್ ಯಜಮಾನ್ರು ಬದುಕವ್ರೆ. ಬತ್ತಾವ್ರೆ," ಎಂದು ಕೂಗಿದ.

ಲಾಳಿ ನಿಂತಿತು. ಅವಳು ಬಂದಳು. ಕಾಗದಕ್ಕೆ ಕೈ ಚಾಚಿದಳು. ಆ ಬರಿಗೈಯನ್ನು ಹರಿಕಾರ ಆಗ ನೋಡಿದ.

"ಏನವ್ವ ಇದು? ಯಾರ್ ಹೇಳಿದ್ರು ನಿಂಗೆ?"

"ನೀನೇ ಕಣಣ್ಣ," ಎಂದಳು ಅವಳು. "ದಿನಾ ಬಂದು ಇಲ್ಲ ಅಂತಿದ್ದೆ. ಆ 'ಇಲ್ಲ' ಅನ್ನೋದ್ರೊಳಗೇ ನನ್ ಗಂಡ ಬದುಕಿದ್ದ."

ಹರಿಕಾರ ಕಾಗದ ಕೊಟ್ಟು ಹೋದ. ಆಮೇಲೆ ಅವನು ಗೆಜ್ಜೆಗೆ ಬಟ್ಟೆ ಸುತ್ತಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಗಂಡ ಬಂದನೇ?"

"ಬಂದ. ಒಂದು ಕಾಲು ಕುಂಟು. ತೆಗೆದ ತಾಳಿಯನ್ನು ಮತ್ತೆ ಕಟ್ಟಬಹುದೋ ಬಾರದೋ ಎಂದು ಕುಲದ ಹಿರಿಯರು ಆರು ತಿಂಗಳು ಜಗಳವಾಡಿದರು. ಆರು ತಿಂಗಳು ಅವನು ಹೆಂಡತಿಯ ಕೈ ನೋಡದೆ ಊಟ ಮಾಡಿದ. ಕೊನೆಗೆ ಒಪ್ಪಿದರು. ಅವಳು ಹೊಸ ಬಳೆ ತೊಟ್ಟಳು. ಆದರೆ ನೇಯುವಾಗ ಬಳೆ ಘಲ್ ಎಂದರೆ ಕೈ ನಿಲ್ಲಿಸಿ ಗಂಡ ಎಲ್ಲಿದ್ದಾನೆಂದು ತಿರುಗಿ ನೋಡುತ್ತಿದ್ದಳಂತೆ. ಬದುಕಿರುವಷ್ಟು ದಿನವೂ ನೋಡುತ್ತಿದ್ದಳಂತೆ."

ಶಿಷ್ಯ ತನ್ನ ಮುಂದಿದ್ದ ಪುಟವನ್ನು ನೋಡಿದ. ಆಮೇಲೆ, "ಆದರೂ ಹರಿಕಾರ ಸುಳ್ಳಾಡಲಿಲ್ಲ, ಗುರುಗಳೇ. ಅವನು ಏನನ್ನೂ ಹೇಳಲೇ ಇಲ್ಲ. ಒಂದು ಸದ್ದನ್ನು ಬಿಟ್ಟ, ಅಷ್ಟೇ," ಎಂದ.

ಗುರುಗಳು ಲೇಖನಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.

"ನೀನೂ ಬಿಡು, ಅಷ್ಟೇ. ಬಿಟ್ಟ ಜಾಗವನ್ನು ಯಾರೋ ಒಬ್ಬರು ತಮಗೆ ತೋಚಿದ ಹಾಗೆ ಓದಿಕೊಳ್ಳುತ್ತಾರೆ."

ಶಿಷ್ಯ ಲೇಖನಿಯನ್ನು ಮಸಿಯಲ್ಲಿ ಅದ್ದಿ, 'ಘಲ್' ಎಂದು ಬರೆದ.