ಏಳು ಸಲ ಸೋಸಿದ ನೀರು

ಹಿಮಾಲಯದ ನದಿಯೊಂದರ ದಂಡೆಯಲ್ಲಿ ನೀಲಾಂಬಿಕೆಯಮ್ಮನವರ ಆಶ್ರಮವಿತ್ತು. ಪ್ರಾಯದಲ್ಲಿ ಅವರು ದಕ್ಷಿಣ ಧ್ರುವದ ಹಿಮದ ಮೇಲೆ ಒಂದು ಚಳಿಗಾಲ ಕಳೆದವರು. ಬಲೂನು ಹಾರಿಸಿ ಮೋಡಗಳನ್ನು ಪರೀಕ್ಷಿಸಿದವರು.

ಶಿಷ್ಯೆ ಮೃಡಾನಿಗೆ ಆಶ್ರಮ ಸಾಕಾಗಿತ್ತು. ಕಣ್ಣು ಮುಚ್ಚಿ ಕೂತರೆ ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ಪಾತ್ರೆ ಬೀಳಿಸುತ್ತಾರೆ. ನಾಲ್ಕು ವರ್ಷವಾದರೂ ಮನಸ್ಸು ಒಂದೆಡೆ ನಿಂತಿರಲಿಲ್ಲ.

“ಅಮ್ಮ, ಮೇಲಿನ ಗುಹೆಗೆ ಹೋಗುತ್ತೇನೆ. ಚಳಿಗಾಲ ಮುಗಿಯುವವರೆಗೆ ಒಬ್ಬಳೇ ಇರುತ್ತೇನೆ.”

ಹಿಂದಿನ ವರ್ಷ ಹಾಗೆ ಹೋದವನೊಬ್ಬ ಹಿಮಕ್ಕೆ ಎರಡು ಬೆರಳು ಕಳೆದುಕೊಂಡು ಬಂದಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

“ಬೆಳಿಗ್ಗೆ ಹೊರಡುವೆಯಂತೆ,” ಎಂದರು ಅಮ್ಮ. “ಈಗ ನೀರನ್ನು ಏಳು ಸಲ ಸೋಸಿ, ಗಾಜಿನ ಹೂಜಿಗೆ ತುಂಬಿ ಅಂಗಳದಲ್ಲಿಡು. ಯಾರೂ ಮುಟ್ಟದಿರಲಿ.”

ಬೆಳಿಗ್ಗೆ ಮೃಡಾನಿ ಗಂಟುಮೂಟೆ ಕಟ್ಟಿಕೊಂಡು ಬಂದಳು. ಪಕ್ಕದ ಬಕೆಟ್ಟಿನ ಸೋಸದ ನೀರು ಹೆಪ್ಪುಗಟ್ಟಿ ಕಲ್ಲಾಗಿತ್ತು. ಹೂಜಿಯ ನೀರು ಮಾತ್ರ ನೀರಾಗಿಯೇ ಇತ್ತು.

“ಇದಕ್ಕೆ ಚಳಿ ತಾಗಲಿಲ್ಲವೇ ಅಮ್ಮ?”

“ಅದಕ್ಕೆ ತಾಗಿದಷ್ಟೇ ಇದಕ್ಕೂ ತಾಗಿದೆ. ನೆಲದ ಮೇಲಿನ ಒಂದು ಚೂರು ಹಿಮ ಹಾಕಿ ನೋಡು.”

ಹಾಕಿದಳು. ಚೂರಿನ ಸುತ್ತ ಬಿಳಿ ಗರಿಗಳು ಮೂಡಿದವು. ಅವಳು ಉಸಿರು ಬಿಡುವಷ್ಟರಲ್ಲಿ ಹೂಜಿಯ ತುಂಬ ಹಬ್ಬಿದವು.

ಮೃಡಾನಿ ಗಂಟನ್ನು ಕೆಳಗಿಟ್ಟು ಮಂಡಿಯೂರಿ ನೋಡಿದಳು.

“ಧ್ರುವದಲ್ಲೂ ಹೀಗೆಯೇ,” ಎಂದರು ಅಮ್ಮ. “ವಿಮಾನ ಹಾರುವ ಎತ್ತರಕ್ಕಿಂತ ಎಷ್ಟೋ ಮೇಲೆ, ತಿಂಗಳುಗಟ್ಟಲೆ ಸೂರ್ಯನಿಲ್ಲದ ಕತ್ತಲೆಯಲ್ಲಿ, ಮೋಡದ ಸಣ್ಣ ಸಣ್ಣ ಹನಿಗಳು. ಎಂಥ ಚಳಿ ಅಂತೀಯಾ! ಆದರೂ ಹೆಪ್ಪುಗಟ್ಟದೆ ಕಾಯುತ್ತಿರುತ್ತವೆ.”

“ಯಾವುದಕ್ಕೆ?”

“ಹಿಡಿದುಕೊಳ್ಳಲು ಒಂದು ಕಣಕ್ಕೆ. ಏಳು ಸಲ ಸೋಸಿದ ನೀರಲ್ಲಿ ಅದು ಉಳಿದಿರಲಿಲ್ಲ.”

“ಅಷ್ಟು ಎತ್ತರದಲ್ಲಿ ಕಣ ಎಲ್ಲಿಂದ ಬರಬೇಕು?”

“ಉಲ್ಕೆಗಳು ಉರಿದು ಬೀಳುತ್ತವಲ್ಲ, ಅವುಗಳ ಬೂದಿ. ಅದೊಂದಿಷ್ಟು ಸಿಕ್ಕಿತೋ, ಹನಿ ಹರಳಾಗುತ್ತದೆ. ಆಮೇಲೊಂದು ದಿನ ಸೂರ್ಯ ದಿಗಂತದ ಕೆಳಗಿನಿಂದಲೇ ಬೆಳಕು ಚೆಲ್ಲುತ್ತಾನೆ. ಆಗ ಆ ಮೋಡ ಮುತ್ತಿನ ಚಿಪ್ಪಿನ ಒಳಮೈಯಂತೆ ಹೊಳೆಯುತ್ತದೆ. ನಾನು ಕೈಗವಸು ಹಾಕುವುದನ್ನೂ ಮರೆತು ನೋಡುತ್ತಾ ನಿಂತಿದ್ದೆ.”

ಮೃಡಾನಿಗೆ ಆಶ್ರಮದ ಕೆಮ್ಮು, ಬೀಳುವ ಪಾತ್ರೆಗಳ ಸದ್ದು ನೆನಪಾದವು. ಅವಳಿಗೇ ಗೊತ್ತಿಲ್ಲದೆ ನಗು ಬಂತು.

“ಹಾಗಾದರೆ ಗುಹೆಗೆ ಹೋಗಲೋ ಬೇಡವೋ, ಅಮ್ಮ?”

ಅಮ್ಮ ಶಾಲು ಹೊದ್ದು ಎದ್ದು ನಿಂತರು.

“ಹೋಗೋಣ ನಡಿ. ನಾನೂ ಬರುತ್ತೇನೆ. ನನ್ನ ಗೊರಕೆ ಬಹಳ ಜೋರು.”